ಕಾಫಿ ಸ್ಕೇಲ್ ತೂಕ ತಪ್ಪು ತೋರಿಸ್ತಿದ್ಯಾ? ಕರಾವಳಿ ಅಡುಗೆಮನೆಗೆ ದೋಷ ನಿವಾರಣೆ ಕೈಪಿಡಿ

ಮಳೆ ಹಿಡಿಯಿತು ಅಂದರೆ ನನ್ನ ಹತ್ತಿರ ಬರುವ ದೂರುಗಳು ಹೆಚ್ಚುಕಮ್ಮಿ ಒಂದೇ ತರಹ. ಸ್ಕೇಲ್ ಸೊನ್ನೆಯಲ್ಲಿ ನಿಲ್ಲುತ್ತಿಲ್ಲ. ಪುಡಿ ಹಾಕಿದರೂ ಅಂಕಿ ಅಲುಗಾಡುವುದಿಲ್ಲ. ಮಧ್ಯದಲ್ಲೇ ಆಫ್ ಆಗುತ್ತದೆ. ಡಿಕಾಕ್ಷನ್ ಒಂದು ದಿನ ನೀರು, ಮರುದಿನ ಕಷಾಯ. ಮಂಗಳೂರು, ಉಡುಪಿ ಕಡೆ ಮನೆಯಲ್ಲಿ ಫಿಲ್ಟರ್ ಕಾಫಿಗೋ, ಪುಡಿಯ ಮೇಲೆ ನಿಧಾನಕ್ಕೆ ಬಿಸಿನೀರು ಹೊಯ್ದು ಸೋಸುವ ಪೋರ್ ಓವರ್‌ಗೋ ತೂಕ ನೋಡಿ ಮಾಡುವವರಿಗೆ ಈ ಕಷ್ಟಗಳು ಗೊತ್ತೇ ಇರುತ್ತವೆ. ಕೂಡಲೇ ಹೊಸ ಸ್ಕೇಲ್ ಆರ್ಡರ್ ಮಾಡಬೇಡಿ. ಇವುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಪತ್ತೆ ಹಚ್ಚಬಹುದಾದ, ಖರ್ಚಿಲ್ಲದೆ ಸರಿಯಾಗುವ ತೊಂದರೆಗಳು.

ಶುರು ಮಾಡುವ ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳೋಣ. ಕಾಫಿಗೆ ಸ್ಕೇಲ್ ಬೇಕಾಗಿರುವುದು ನಿನ್ನೆ ಹಾಕಿದಷ್ಟನ್ನೇ ಇವತ್ತೂ ಹಾಕಲಿಕ್ಕೆ. ನಿಮ್ಮ ಸ್ಕೇಲ್ 40 ಗ್ರಾಂ ಪುಡಿಯನ್ನು ಯಾವತ್ತೂ 40.4 ಅಂತಲೇ ತೋರಿಸಿದರೆ ಏನೂ ನಷ್ಟವಿಲ್ಲ. ನಾಲಿಗೆಗೆ ಅದು ಗೊತ್ತೂ ಆಗುವುದಿಲ್ಲ. ಅದೇ ಪುಡಿಯನ್ನು ಒಮ್ಮೆ 38, ಇನ್ನೊಮ್ಮೆ 43 ಅಂತ ತೋರಿಸಿದರೆ ಆ ಸ್ಕೇಲ್ ಇದ್ದೂ ಇಲ್ಲದ ಹಾಗೆ. ಇಲ್ಲಿ ನಾವು ಹುಡುಕುವುದು ಮಾತು ಬದಲಿಸುವ ಸ್ಕೇಲನ್ನು. ಅದು ಮಾತು ಬದಲಿಸುವುದು ಯಾಕೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಮೂರು ಪರೀಕ್ಷೆ

ಯಾವ ದೂರಿದ್ದರೂ ಇವುಗಳನ್ನು ಮಾಡದೆ ಮುಂದೆ ಹೋಗಬೇಡಿ. ಫ್ಯಾನ್ ಆಫ್ ಮಾಡಿ. ಸ್ಕೇಲನ್ನು ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಇಡಿ, ಅಡಿಯಲ್ಲಿ ಬಟ್ಟೆ, ಪೇಪರ್ ಏನೂ ಬೇಡ. ಆನ್ ಮಾಡಿ ಒಂದೆರಡು ನಿಮಿಷ ಬಿಡಿ.

ಮೊದಲನೆಯದು, ಒಂದೇ ವಸ್ತುವನ್ನು ಮತ್ತೆ ಮತ್ತೆ ಇಟ್ಟು ನೋಡುವುದು. ಒಣಗಿದ ಸ್ಟೀಲ್ ಲೋಟ ಸಾಕು. ಇಡಿ, ಅಂಕಿ ನೋಡಿ, ತೆಗೆಯಿರಿ, ಸೊನ್ನೆಗೆ ಬಂತಾ ನೋಡಿ, ಮತ್ತೆ ಇಡಿ. 0.1 ಗ್ರಾಂ ತೋರಿಸುವ ಸ್ಕೇಲಿನಲ್ಲಿ ಒಂದೆರಡು ಪಾಯಿಂಟ್ ಆಚೀಚೆ ಆದರೆ ಚಿಂತೆಯಿಲ್ಲ. ಲೋಟ ತೆಗೆದ ಮೇಲೂ ಸೊನ್ನೆಗೆ ಬಾರದೆ 1.3 ಅಂತಲೋ ಮೈನಸ್ 0.8 ಅಂತಲೋ ನಿಂತರೆ, ದೋಷ ಇರುವುದು ಖಚಿತ.

ಎರಡನೆಯದು, ಮೂಲೆ ಪರೀಕ್ಷೆ. ಅದೇ ಲೋಟವನ್ನು ತಟ್ಟೆಯ ನಡುವೆ ಇಟ್ಟು ನೋಡಿ, ಆಮೇಲೆ ನಾಲ್ಕೂ ಮೂಲೆಗೆ ಸರಿಸಿ ನೋಡಿ. ಮೂಲೆಯಲ್ಲಿ ಒಂದು ತೂಕ, ನಡುವೆ ಇನ್ನೊಂದು ಬಂದರೆ ತಟ್ಟೆ ಎಲ್ಲೋ ತಾಗುತ್ತಿದೆ, ಇಲ್ಲವೇ ಒಳಗೆ ತೂಕ ಅಳೆಯುವ ಭಾಗವಾದ ಲೋಡ್ ಸೆಲ್‌ಗೆ ಪೆಟ್ಟು ಬಿದ್ದಿದೆ.

ಮೂರನೆಯದು, ತೂಕ ಗೊತ್ತಿರುವ ವಸ್ತು. ಮನೆಯಲ್ಲೇ ಸಿಗುವುದು ನಾಣ್ಯ. 2011ರಲ್ಲಿ ಬಂದ ಸರಣಿಯ, ₹ ಚಿಹ್ನೆ ಇರುವ ಹಳದಿ ಬಣ್ಣದ 5 ರೂಪಾಯಿ ನಾಣ್ಯ 6 ಗ್ರಾಂ ತೂಗುತ್ತದೆ, ಅಡ್ಡಳತೆ 23 ಮಿ.ಮೀ. ಹತ್ತು ನಾಣ್ಯ ಒಟ್ಟಿಗೆ ಇಟ್ಟರೆ 60 ಗ್ರಾಂ. ಬೇರೆ ಸರಣಿಯವು ಸೇರಿಕೊಳ್ಳದ ಹಾಗೆ ಆರಿಸಿ. ಹಳೆಯ ದಪ್ಪನೆಯ ಬೆಳ್ಳಿ ಬಣ್ಣದ 5 ರೂಪಾಯಿ 9 ಗ್ರಾಂ, 2019ರ ಸರಣಿಯದ್ದು 6.74 ಗ್ರಾಂ. ಜಾಸ್ತಿ ತೂಕಕ್ಕೆ ಬಿಚ್ಚದ ಹಾಲಿನ ಪ್ಯಾಕೆಟ್ ಆಗುತ್ತದೆ. ಹಾಲು ನೀರಿಗಿಂತ ಸ್ವಲ್ಪ ಭಾರ, ಹಾಗಾಗಿ 500 ಮಿ.ಲೀ. ಪ್ಯಾಕೆಟ್ ಸುಮಾರು 515ರಿಂದ 520 ಗ್ರಾಂ ತೂಗಬೇಕು. ಮೇಲಿನ ನೀರಿನ ಹನಿ ಒರೆಸಿಡಿ. ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ಆದ್ದರಿಂದ ಪಾಯಿಂಟ್ ಲೆಕ್ಕಕ್ಕೆ ಇದು ಆಗದು. ದೊಡ್ಡ ತಪ್ಪು ಹಿಡಿಯಲಿಕ್ಕೆ ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟದ ದಾರಿ ಬೇರೆ ಉಂಟು. ನೂರು, ನೂರೈವತ್ತು ಗ್ರಾಂ ತೂಗುವ ಒಂದು ಗಟ್ಟಿ ಸ್ಟೀಲ್ ಅಥವಾ ಹಿತ್ತಾಳೆ ತುಂಡು ಹುಡುಕಿ. ಹಳೆಯ ಬೀಗವಾದರೂ ಆದೀತು. ರಥಬೀದಿಯಲ್ಲಿ ನಿಮಗೆ ಪರಿಚಯದ ಚಿನ್ನದ ಅಂಗಡಿ ಇದ್ದರೆ, ಜನ ಕಡಿಮೆ ಇರುವ ಹೊತ್ತು ನೋಡಿ ಅದನ್ನು ತೂಗಿಸಿಕೊಳ್ಳಿ. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಲೇಬೇಕು, ಅದನ್ನು ಕಾಲಕಾಲಕ್ಕೆ ತಪಾಸಣೆಯೂ ಮಾಡಿಸಬೇಕು. ಅಲ್ಲಿ ಬಂದ ತೂಕವನ್ನು ಮಾರ್ಕರ್‌ನಲ್ಲಿ ಆ ತುಂಡಿನ ಮೇಲೆಯೇ ಬರೆದಿಡಿ. ಇನ್ನು ಮುಂದೆ ಅದೇ ನಿಮ್ಮ ತೂಕದ ಬೊಟ್ಟು. ಮರದ ತುಂಡು ಬೇಡ, ನಮ್ಮ ಗಾಳಿಯಲ್ಲಿ ಅದು ನೀರು ಕುಡಿದು ತೂಕ ಬದಲಿಸುತ್ತದೆ.

ಮೂರರಲ್ಲೂ ಪಾಸಾದರೆ ಸ್ಕೇಲ್ ಸರಿಯಿದೆ. ನೇರವಾಗಿ "ಸ್ಕೇಲ್ ಸರಿ, ಕಾಫಿ ಸರಿಯಿಲ್ಲ" ಭಾಗಕ್ಕೆ ಹೋಗಿ.

ಒಳಗೆ ಏನಿದೆ

ತಟ್ಟೆಯ ಅಡಿಯಲ್ಲಿ ಒಂದು ಸಣ್ಣ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಅದೇ ಲೋಡ್ ಸೆಲ್. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ಲೋಹದ ಎಳೆಗಳು, ಅಂದರೆ ಸ್ಟ್ರೇನ್ ಗೇಜ್‌ಗಳು, ಜೊತೆಗೇ ಹಿಗ್ಗುತ್ತವೆ, ಕುಗ್ಗುತ್ತವೆ. ಆಗ ಅವುಗಳ ವಿದ್ಯುತ್ ತಡೆ ಸ್ವಲ್ಪವೇ ಸ್ವಲ್ಪ ಬದಲಾಗುತ್ತದೆ. ಅದರಿಂದ ಹುಟ್ಟುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಆ ಸಣ್ಣ ಸಿಗ್ನಲನ್ನು ಹಿಗ್ಗಿಸಿ, ಲೆಕ್ಕ ಹಾಕಿ, ಗ್ರಾಂ ಅಂತ ತೋರಿಸುವುದು ಒಳಗಿನ ಎಲೆಕ್ಟ್ರಾನಿಕ್ ಚಿಪ್ ಕೆಲಸ. ಇಷ್ಟು ಗೊತ್ತಿದ್ದರೆ ಸಾಕು. ಬಿಸಿ, ತೇವ, ಗಾಳಿ, ಪೆಟ್ಟು, ಸತ್ತ ಬ್ಯಾಟರಿ ಸೆಲ್, ಇವೆಲ್ಲ ಯಾಕೆ ಕಾಟ ಕೊಡುತ್ತವೆ ಅಂತ ತಾನೇ ಅರ್ಥ ಆಗುತ್ತದೆ.

ಅಂಕಿ ಒಂದೇ ಸಮನೆ ಕುಣಿಯುತ್ತಿದೆ

ಮೊದಲ ಆರೋಪಿ ಫ್ಯಾನ್. ನಮ್ಮ ಕಡೆ ಸೆಕೆಗೆ ಫ್ಯಾನ್ ಆಫ್ ಮಾಡುವವರೇ ಇಲ್ಲ. ಅಗಲ ತಟ್ಟೆಯ ಮೇಲೆ ಮೇಲಿನಿಂದ ಗಾಳಿ ಬಿದ್ದರೆ 0.1 ಗ್ರಾಂ ಸ್ಕೇಲ್ ಅದನ್ನೂ ತೂಕ ಅಂತಲೇ ಎಣಿಸುತ್ತದೆ. ಆಫ್ ಮಾಡಿ ನೋಡಿ. ಅಂಕಿ ನಿಂತರೆ ಅಲ್ಲಿಗೆ ಮುಗಿಯಿತು. ಜಡಿಮಳೆಯ ದಿನ ಕಿಟಕಿಯಿಂದ ನುಗ್ಗುವ ಗಾಳಿಗೂ ಇದೇ ಮಾತು.

ಆಮೇಲೆ ಜಾಗ. ಮಿಕ್ಸಿ ತಿರುಗುತ್ತಿರುವ ಕಟ್ಟೆಯ ಮೇಲೆ, ವಾಷಿಂಗ್ ಮೆಷಿನ್ ಪಕ್ಕದಲ್ಲಿ, ಅಲುಗಾಡುವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಯಾವ ಸ್ಕೇಲೂ ನಿಲ್ಲುವುದಿಲ್ಲ. ನಾಲ್ಕು ರಬ್ಬರ್ ಕಾಲುಗಳಲ್ಲಿ ಒಂದು ಬಿದ್ದುಹೋಗಿದ್ಯಾ ಅಂತಲೂ ತಿರುಗಿಸಿ ನೋಡಿ.

ಮೂರನೆಯದು ಅಷ್ಟಾಗಿ ಯಾರಿಗೂ ಹೊಳೆಯುವುದಿಲ್ಲ. ಪಕ್ಕದಲ್ಲೇ ಚಾಲೂ ಇರುವ ಇಂಡಕ್ಷನ್ ಒಲೆ, ಇಲ್ಲವೇ ಸ್ಕೇಲಿಗೆ ಒರಗಿಸಿಟ್ಟ ಮೊಬೈಲ್. ಟೈಮರ್ ನೋಡಲಿಕ್ಕೆ ಅಂತ ಫೋನನ್ನು ಸ್ಕೇಲಿಗೆ ತಾಗಿಸಿ ಇಡುವವರು ತುಂಬಾ ಜನ. ಒಳಗಿನ ಸಿಗ್ನಲ್ ಅಷ್ಟು ಸಣ್ಣದಾದ್ದರಿಂದ ಇವುಗಳ ವಿದ್ಯುತ್ಕಾಂತೀಯ ಗದ್ದಲ ಅದರೊಳಗೆ ನುಸುಳಬಹುದು. ಎರಡನ್ನೂ ಒಂದು ಮೊಳ ದೂರ ಸರಿಸಿ ನೋಡಿ. ಚಾರ್ಜಿಂಗ್ ಸ್ಕೇಲ್ ಆದರೆ ಕೇಬಲ್ ಕಿತ್ತು ನೋಡಿ. ಕೆಲವು ಅಗ್ಗದ ಚಾರ್ಜರ್‌ಗಳು ಸಹ ಅಂಕಿ ಕುಣಿಸುತ್ತವೆ.

ಬ್ಯಾಟರಿ ಸೆಲ್ ಇಳಿದಿದ್ದರೂ ಹೀಗೇ. 'ಲೋ' ಅಂತ ಬರುವವರೆಗೆ ಕಾಯಬೇಡಿ. ಅಂಕಿ ಮಂಕಾಗಿ ಕಂಡರೆ, ತೂಕ ನಿಲ್ಲಲಿಕ್ಕೆ ಹೊತ್ತು ತೆಗೆದುಕೊಂಡರೆ ಮೊದಲು ಹೊಸ ಸೆಲ್ ಹಾಕಿ. ಎರಡು ಸೆಲ್ ಇದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ಇದೆಲ್ಲ ಮಾಡಿದರೂ ಕುಣಿತ ನಿಲ್ಲಲಿಲ್ಲ, ಅದೂ ಮಳೆಗಾಲದಲ್ಲಿ ಮಾತ್ರ ಅಂದರೆ ಅದು ತೇವ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಒಣ ಊರಿನವರು ಬರೆದ ಸೂಚನಾ ಪುಸ್ತಕಗಳಲ್ಲಿ ಇದು ಇರುವುದಿಲ್ಲ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು, ಕೆಲವು ಕಡೆ ಅದಕ್ಕಿಂತಲೂ ಜಾಸ್ತಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಇದೇ ನಾಲ್ಕು ತಿಂಗಳ ಒದ್ದೆ ಗಾಳಿಗೆ ಕಾಫಿ ಬೀಜವನ್ನು ಗೋದಾಮಿನಲ್ಲಿ ಹರಡಿ ಮಾಡುವುದೇ 'ಮಾನ್ಸೂನ್ಡ್ ಮಲಬಾರ್'. ಬೀಜ ತೇವ ಹೀರಿ ಊದಿಕೊಂಡು, ಬಣ್ಣ ತಿಳಿಯಾಗಿ, ಹುಳಿ ಕಳೆದುಕೊಂಡು ಬೇರೆಯೇ ರುಚಿಗೆ ತಿರುಗುತ್ತದೆ. ಮಂಗಳೂರಿನ ಕಾಫಿ ಸಂಸ್ಕರಣಾ ಘಟಕಗಳಿಗೆ ಇದು ಹಳೆಯ ಕೆಲಸ, ಭೌಗೋಳಿಕ ಸೂಚಕದ ಮಾನ್ಯತೆಯೂ ಇದಕ್ಕೆ ಉಂಟು. ಗಟ್ಟಿ ಬೀಜವನ್ನೇ ಇಷ್ಟು ಬದಲಿಸುವ ಗಾಳಿ ಸ್ಕೇಲಿನ ಸರ್ಕ್ಯೂಟ್ ಬೋರ್ಡನ್ನು ಸುಮ್ನೆ ಬಿಡುತ್ತದಾ? ಬೋರ್ಡಿನ ಮೇಲೆ ಕೂತ ಧೂಳು, ಉಪ್ಪಿನಂಶ ತೇವ ಹೀರಿದರೆ ಎರಡು ಗೆರೆಗಳ ನಡುವೆ ಸಣ್ಣದಾಗಿ ಕರೆಂಟ್ ಸೋರುತ್ತದೆ. ಕೆಲವೇ ಮಿಲಿವೋಲ್ಟ್ ಸಿಗ್ನಲ್ ಕೆಡಲಿಕ್ಕೆ ಅಷ್ಟೇ ಸಾಕು. ಏನೂ ಇಡದಿದ್ದರೂ ಸೊನ್ನೆ ನಿಧಾನಕ್ಕೆ ಮೇಲೆ ಹತ್ತುತ್ತದೆ, ಇಲ್ಲ ಕೆಳಗೆ ಇಳಿಯುತ್ತದೆ.

ಪತ್ತೆ ಮಾಡುವುದು ಸುಲಭ. ಸೆಲ್ ತೆಗೆಯಿರಿ. ಗಾಳಿ ಆಡದ ಸ್ಟೀಲ್ ಡಬ್ಬದಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಹಾಕಿ, ಸ್ಕೇಲನ್ನು ಅದರಲ್ಲಿ ಎರಡು ದಿನ ಮುಚ್ಚಿಡಿ. ಹೊರಗೆ ತೆಗೆದ ಕೂಡಲೇ ಪರೀಕ್ಷೆ ಮಾಡಿ. ಸರಿಯಾಗಿ ನಿಂತರೆ ಕಳ್ಳ ಸಿಕ್ಕಿದ ಹಾಗೆ. ಮಳೆಗಾಲ ಪೂರ್ತಿ ಅದರ ಜಾಗ ಆ ಡಬ್ಬವೇ ಆಗಲಿ. ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಆ ಬಾಣಲೆ ಅಡುಗೆಗೆ ಬಳಸುವುದು ಬೇಡ. ಸ್ಕೇಲನ್ನು ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಎರಡೂ ಬೇಡ. ಡಿಸ್‌ಪ್ಲೇ ಹಾಳಾಗುತ್ತದೆ, ಗೇಜಿನ ಅಂಟು ಸಡಿಲ ಆಗಬಹುದು.

ಪುಡಿ ಹಾಕ್ತಾ ಇದ್ದರೂ ಸೊನ್ನೆಯೇ ತೋರಿಸ್ತದೆ

ಉಡುಪಿಯ ಚಿಕ್ಕಮ್ಮ ಫೋನ್ ಮಾಡಿ ಹೇಳಿದ್ದು ಇದನ್ನೇ. "ಎಂತ ಮಾರಾಯ ಇದು, ಪುಡಿ ಬೀಳ್ತಾ ಉಂಟು, ಇದು ಸೊನ್ನೆ ಬಿಟ್ಟು ಏಳೂದೇ ಇಲ್ಲ. ಮತ್ತೆ ಒಮ್ಮೆಲೇ ನಾಲ್ಕು ಗ್ರಾಂ ಅಂತ ಹಾರ್ತದೆ." ಅವರು ಡಬ್ಬಿಯನ್ನು ಓರೆ ಮಾಡಿ, ಬೆರಳಿಂದ ತಟ್ಟಿ ತಟ್ಟಿ ಚಿಟಿಕೆಯಷ್ಟೇ ಉದುರಿಸುತ್ತಿದ್ದರು. ಪುಡಿ ಒಂದು ಚೂರೂ ಜಾಸ್ತಿ ಆಗಬಾರದು ಅಂತ ಅವರ ಎಚ್ಚರಿಕೆ. ಆ ಎಚ್ಚರಿಕೆಯೇ ಇಲ್ಲಿ ಅಡ್ಡ ಬಂತು.

ಸ್ಕೇಲ್ ಕೆಟ್ಟಿರಲಿಲ್ಲ. ಸೊನ್ನೆಯ ಹತ್ತಿರ ತೂಕ ತೀರಾ ನಿಧಾನವಾಗಿ ಬದಲಾದರೆ, ಅದು ಬಿಸಿ ಅಥವಾ ತೇವದಿಂದ ಆದ ಜಾರುವಿಕೆ ಅಂತ ತಿಳಿದು ಮತ್ತೆ ಸೊನ್ನೆಗೆ ಎಳೆಯುವ ವ್ಯವಸ್ಥೆ ಹೆಚ್ಚಿನ ಸ್ಕೇಲ್‌ಗಳಲ್ಲಿ ಇರುತ್ತದೆ. ತಂತಾನೆ ಸೊನ್ನೆ ಹಿಡಿಯುವ ಗುಣ. ಅಡುಗೆಗೆ ಇದು ಉಪಕಾರ, ಚಿಟಿಕೆ ಚಿಟಿಕೆ ಪುಡಿಗೆ ಉಪದ್ರ. ಹಾಕಿದ ಮೊದಲ ಒಂದೆರಡು ಗ್ರಾಂ ಲೆಕ್ಕಕ್ಕೇ ಸಿಗದೆ ನುಂಗಿಹೋಗುತ್ತದೆ. ತಟ್ಟೆಯ ಮೇಲೆ ನಿಜಕ್ಕೂ 42 ಗ್ರಾಂ ಇರುವಾಗ ಸ್ಕೇಲ್ 40 ಅನ್ನುತ್ತದೆ. ಒಂದು ದಿನ ನುಂಗಿದಷ್ಟು ಇನ್ನೊಂದು ದಿನ ನುಂಗುವುದಿಲ್ಲ, ಡಿಕಾಕ್ಷನ್ ಹದ ತಪ್ಪುವುದು ಅಲ್ಲಿಯೇ.

ಪರಿಹಾರಕ್ಕೆ ಒಂದು ನಾಣ್ಯ ಸಾಕು. ಪಾತ್ರೆ ಇಟ್ಟು, ಅದರ ತೂಕ ಕಳೆಯುವ ಟೇರ್ ಬಟನ್ ಒತ್ತಿ ಸೊನ್ನೆ ಮಾಡಿ. ಆಮೇಲೆ ತಟ್ಟೆಯ ಮೂಲೆಗೆ 6 ಗ್ರಾಂನ ಆ 5 ರೂಪಾಯಿ ನಾಣ್ಯ ಇಡಿ. ಈಗ 6.0 ತೋರಿಸುತ್ತದೆ. ಸೊನ್ನೆಯಿಂದ ದೂರ ಬಂದದ್ದರಿಂದ ಸ್ಕೇಲ್ ಇನ್ನು ಎಳೆದಾಟಕ್ಕೆ ಹೋಗುವುದಿಲ್ಲ. 40 ಬೇಕಾದರೆ 46 ಬರುವವರೆಗೆ ಹಾಕಿ. ಇನ್ನೊಂದು ದಾರಿ, ಮೊದಲ ದೊಡ್ಡ ಚಮಚವನ್ನು ಒಮ್ಮೆಲೇ ಸುರಿದು, ಕೊನೆಯ ಎರಡು ಗ್ರಾಂ ಮಾತ್ರ ತಟ್ಟಿ ತಟ್ಟಿ ಹಾಕುವುದು. ಚಿಕ್ಕಮ್ಮನಿಗೆ ನಾಣ್ಯದ ಉಪಾಯವೇ ಹಿಡಿಸಿತು. ಈಗ ಅದು ಪುಡಿ ಡಬ್ಬಿಯ ಮುಚ್ಚಳದ ಮೇಲೆಯೇ ಇರುತ್ತದೆ.

ಫಿಲ್ಟರಿನಿಂದ ಹನಿ ಹನಿಯಾಗಿ ಇಳಿಯುವ ಡಿಕಾಕ್ಷನ್ ತೂಗುವಾಗಲೂ ಇದೇ ತೊಂದರೆ ಆಗುತ್ತದೆ. ಅಲ್ಲಿ ಟೇರ್ ಒತ್ತಲೇಬೇಡಿ. ಯಾಕೆ ಅಂತ ಕೆಳಗೆ ಬರುತ್ತದೆ.

ಬಿಸಿ ಇಟ್ಟ ಮೇಲೆ ಅಂಕಿ ಜಾರುತ್ತಿದೆ

ಇಲ್ಲಿ ಎರಡು ಬೇರೆ ಬೇರೆ ವಿಷಯ ಬೆರೆತಿರುತ್ತವೆ, ಬಿಡಿಸಿ ನೋಡಬೇಕು. ಕುದಿಯುವ ನೀರಿನ ಪಾತ್ರೆಯನ್ನು ಮುಚ್ಚದೆ ಸ್ಕೇಲಿನ ಮೇಲೆ ಇಟ್ಟರೆ ಅಂಕಿ ಪಾಯಿಂಟ್ ಪಾಯಿಂಟಾಗಿ ಇಳಿಯುತ್ತಲೇ ಹೋಗುತ್ತದೆ. 250.0, 249.9, 249.8. ಇದು ದೋಷವೇ ಅಲ್ಲ. ಹಬೆಯಾಗಿ ಹೋಗುವ ನೀರಿಗೂ ತೂಕ ಇದೆಯಲ್ವಾ, ಸ್ಕೇಲ್ ಅದನ್ನೇ ಪ್ರಾಮಾಣಿಕವಾಗಿ ಹೇಳುತ್ತಿದೆ.

ಈಗ ಮುಚ್ಚಳ ಮುಚ್ಚಿ. ಇಳಿಯುವುದು ಬಹುತೇಕ ನಿಂತಿತಾ? ಹಾಗಾದರೆ ಹಬೆಯೇ ಕಾರಣ. ಮುಚ್ಚಿದ ಮೇಲೂ ಜಾರುತ್ತಿದೆ, ಅಥವಾ ಮೇಲಕ್ಕೆ ಏರುತ್ತಿದೆ ಅಂದರೆ ಪಾತ್ರೆಯ ಬಿಸಿ ತಟ್ಟೆ ದಾಟಿ ಲೋಡ್ ಸೆಲ್‌ಗೆ ಇಳಿದಿದೆ. ಬಿಸಿಗೆ ಲೋಹ ಹಿಗ್ಗುತ್ತದೆ, ಗೇಜಿನ ತಡೆ ಬದಲಾಗುತ್ತದೆ. ಪಾತ್ರೆ ತೆಗೆದ ಮೇಲೆ ಸೊನ್ನೆ ಬಾರದೆ ನಿಂತು, ತಣ್ಣಗಾದಾಗ ತಾನೇ ಸರಿಯಾದರೆ ಅನುಮಾನವೇ ಬೇಡ. ಹಿತ್ತಾಳೆ ಮತ್ತು ಸ್ಟೀಲ್ ಫಿಲ್ಟರ್‌ನಲ್ಲಿ ಇದು ಜಾಸ್ತಿ, ಯಾಕೆಂದರೆ ತಳ ನೇರ ತಟ್ಟೆಗೆ ಕೂರುತ್ತದೆ. ಮಧ್ಯೆ ಒಂದು ಕಾರ್ಕ್ ತುಂಡೋ, ದಪ್ಪ ಸಿಲಿಕೋನ್ ಮ್ಯಾಟೋ ಇಡಿ. ಅದನ್ನು ಇಟ್ಟ ಮೇಲೆ ಟೇರ್ ಮಾಡಿ, ಮರೆಯಬೇಡಿ. ಮ್ಯಾಟಿನ ಅಂಚು ತಟ್ಟೆಯಿಂದ ಹೊರಚಾಚಿ ಸ್ಕೇಲಿನ ಮೈಗೆ ತಾಗದ ಹಾಗೆ ಕತ್ತರಿಸಿಕೊಳ್ಳಿ. ತಾಗಿದರೆ ಭಾರದ ಒಂದು ಪಾಲು ಮೈಯ ಮೇಲೇ ಕೂತು ತೂಕ ಕಡಿಮೆ ಬರುತ್ತದೆ.

ಮಧ್ಯದಲ್ಲಿ ಆಫ್ ಆಗುತ್ತದೆ, 'ಎರರ್' ಅನ್ನುತ್ತದೆ

ಎರಡು ಮೂರು ನಿಮಿಷ ಯಾರೂ ಮುಟ್ಟದಿದ್ದರೆ ಸೆಲ್ ಉಳಿಸಲಿಕ್ಕೆ ಸ್ಕೇಲ್ ತಾನೇ ಆಫ್ ಆಗುತ್ತದೆ. ಪೋರ್ ಓವರ್ ಮಾಡುವವರಿಗೆ ಹೇಗೋ ಸಾಗುತ್ತದೆ. ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯಲಿಕ್ಕೆ ಕಾಲು ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಬೇಕು. ಅಷ್ಟರಲ್ಲಿ ಸ್ಕೇಲ್ ಮಲಗಿ, ನೀವು ಮಾಡಿದ ಟೇರ್ ಮಾಯ.

ಇದಕ್ಕೆ ಸ್ಕೇಲ್ ಬದಲಿಸಬೇಕಾಗಿಲ್ಲ. ಫಿಲ್ಟರಿನ ಮೇಲಿನ ಪಾತ್ರೆ, ಕೆಳಗಿನ ಪಾತ್ರೆ, ಮುಚ್ಚಳ, ಒತ್ತುವ ಬಿಲ್ಲೆ, ನೀರು ಹೊಯ್ಯುವ ಕೆಟಲ್, ಪ್ರತಿಯೊಂದನ್ನೂ ಒಣಗಿಸಿ ಒಮ್ಮೆ ತೂಗಿ, ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿ. ಡಿಕಾಕ್ಷನ್ ಇಳಿದ ಮೇಲೆ ಕೆಳಗಿನ ಪಾತ್ರೆಯನ್ನು ಹಾಗೇ ಇಟ್ಟು ತೂಗಿ, ಖಾಲಿ ತೂಕ ಕಳೆಯಿರಿ. ಟೇರ್ ಬೇಕಾಗಿಲ್ಲ, ಆಫ್ ಆದರೂ ಚಿಂತೆಯಿಲ್ಲ, ಸೊನ್ನೆ ಎಳೆಯುವ ಕಾಟವೂ ಇಲ್ಲ. ಈ ಇಡೀ ಬರಹದಲ್ಲಿ ಒಂದನ್ನೇ ಮಾಡುವುದಾದರೆ ಈ ಚೀಟಿ ಮಾಡಿ.

'ಎರರ್' ಬಂದರೆ ಮೊದಲು ಒಟ್ಟು ಭಾರ ನೋಡಿ. ಟೇರ್ ಒತ್ತಿದ ಪಾತ್ರೆಯ ಭಾರವೂ ಸ್ಕೇಲಿನ ಮಿತಿಯೊಳಗೇ ಲೆಕ್ಕ. 500 ಗ್ರಾಂ ಮಿತಿಯ ಕಿಸೆ ಸ್ಕೇಲಿನ ಮೇಲೆ ಅಜ್ಜಿ ಕಾಲದ ದಪ್ಪ ಹಿತ್ತಾಳೆ ಫಿಲ್ಟರ್ ಇಟ್ಟರೆ ನೀರು ಹೊಯ್ಯುವ ಮೊದಲೇ ಮಿತಿ ಮುಗಿದಿರಬಹುದು. ಆನ್ ಮಾಡುವಾಗಲೇ ತಟ್ಟೆಯ ಮೇಲೆ ಏನಾದರೂ ಇದ್ದರೂ ಕೆಲವು ಸ್ಕೇಲ್ ಗಲಿಬಿಲಿಯಾಗುತ್ತವೆ. ಖಾಲಿ ಇಟ್ಟು ಆನ್ ಮಾಡಿ.

ಅಂಕಿ ತೀರಾ ವಿಚಿತ್ರವಾಗಿ, 40 ಇರಬೇಕಾದಲ್ಲಿ 1.41 ಅಂತ ಬಂದರೆ ಯೂನಿಟ್ ಬಟನ್ ಒತ್ತಿಹೋಗಿ ಔನ್ಸ್‌ಗೆ ಹೋಗಿದೆ ಅಷ್ಟೆ. ಹಾಲಿನ ಮಿ.ಲೀ. ಮೋಡ್ ಇನ್ನೂ ಮೋಸ, ಯಾಕೆಂದರೆ ಅಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. 250 ಗ್ರಾಂ ನೀರು 243 ಅಂತ ಬರುತ್ತದೆ, ನೀವು ಇನ್ನಷ್ಟು ಹೊಯ್ಯುತ್ತೀರಿ.

ಮೂಲೆಗೊಂದು ತೂಕ

ತಟ್ಟೆ ಎತ್ತಲು ಬರುವುದಾದರೆ ಎತ್ತಿ. ಅಡಿಯಲ್ಲಿ ಒಣಗಿದ ಕಾಫಿ ಪುಡಿ, ಸಕ್ಕರೆ, ಅಕ್ಕಿ ಕಾಳು ಸಿಕ್ಕಿಕೊಂಡಿದ್ದರೆ ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ. ಸಕ್ಕರೆಗೆ ಬಂದ ಇರುವೆ ಒಳಗೇ ಗೂಡು ಮಾಡುವುದೂ ಉಂಟು. ಸೆಲ್ ಇಡುವ ಜಾಗದಲ್ಲಿ ಹಸಿರು, ಬಿಳಿ ಪದರ ಕಟ್ಟಿದ್ದರೆ ಕಿವಿ ಬಡ್‌ಗೆ ಒಂದು ಹನಿ ವಿನೆಗರ್ ಅಥವಾ ಲಿಂಬೆ ರಸ ಹಚ್ಚಿ ಒರೆಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇನ್ನೊಮ್ಮೆ ಒರೆಸಿ ಪೂರ್ತಿ ಒಣಗಿಸಿ. ಸೋರಿದ ಸೆಲ್‌ನ ಕ್ಷಾರ ಕೈಗೆ ತಾಗದ ಹಾಗೆ ನೋಡಿಕೊಳ್ಳಿ.

ಕ್ಲೀನ್ ಮಾಡಿದರೂ ಮೂಲೆ ವ್ಯತ್ಯಾಸ ಹೋಗಲಿಲ್ಲ ಅಂದರೆ ಲೋಡ್ ಸೆಲ್ ಬಾಗಿದೆ. ಬಿದ್ದು ಬಾಗುವುದು ಎಲ್ಲರಿಗೂ ಗೊತ್ತು. ಫಿಲ್ಟರ್ ಕಾಫಿಯವರಿಗೆ ಇನ್ನೊಂದು ಕಾರಣ ಉಂಟು. ಸ್ಕೇಲಿನ ಮೇಲಿಟ್ಟೇ ಪುಡಿ ಹಾಕಿ, ಅಲ್ಲಿಯೇ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತುವುದು. ಕೈ ಒತ್ತಿದರೆ ಎರಡು ಮೂರು ಕಿಲೋ ಭಾರ ಸುಲಭವಾಗಿ ಬೀಳುತ್ತದೆ. 500 ಗ್ರಾಂ ಸ್ಕೇಲ್ ಅದನ್ನು ದಿನಾ ತಡೆಯುವುದಾದರೂ ಹೇಗೆ? ಒತ್ತುವ ಕೆಲಸ ಕಟ್ಟೆಯ ಮೇಲೆ ಆಗಲಿ. ಬಾಗಿದ ಲೋಡ್ ಸೆಲ್ ಮನೆಯಲ್ಲಿ ನೆಟ್ಟಗೆ ಆಗುವುದಿಲ್ಲ.

ಯಾವಾಗಲೂ ಒಂದೇ ಅಳತೆಯಲ್ಲಿ ಜಾಸ್ತಿ ಅಥವಾ ಕಡಿಮೆ

60 ಗ್ರಾಂ ಇಟ್ಟರೆ 61.2, 120 ಇಟ್ಟರೆ 122.4, ಹೀಗೆ ಲೆಕ್ಕವಾಗಿ ತಪ್ಪಿದರೆ ಅದು ಕ್ಯಾಲಿಬ್ರೇಷನ್, ಅಂದರೆ ಗೊತ್ತಿರುವ ತೂಕಕ್ಕೆ ಸ್ಕೇಲನ್ನು ಹೊಂದಿಸಿದ್ದು ತಪ್ಪಿದೆ. ಕಾಫಿಗೆ ಇದನ್ನು ಸರಿ ಮಾಡಲೇಬೇಕು ಅಂತಿಲ್ಲ. ಪುಡಿ, ನೀರು ಎರಡೂ ಅದೇ ಪಾಲಿನಲ್ಲಿ ತಪ್ಪುವುದರಿಂದ ಅನುಪಾತ ಕೆಡುವುದಿಲ್ಲ. ಮಾಡಲೇಬೇಕು ಅನಿಸಿದರೆ ನಿಮ್ಮ ಸ್ಕೇಲ್ ಕೇಳುವ ಬೊಟ್ಟನ್ನೇ ಇಡಿ. 100, 200, 500 ಗ್ರಾಂ, ಯಾವುದು ಅಂತ ಸೂಚನಾ ಪುಸ್ತಕದಲ್ಲಿ ಇರುತ್ತದೆ. ನಾಣ್ಯ ಜೋಡಿಸಿ ಕ್ಯಾಲಿಬ್ರೇಷನ್ ಮಾಡಲಿಕ್ಕೆ ಹೋಗಬೇಡಿ. ಸಣ್ಣ ತಪ್ಪನ್ನು ದೊಡ್ಡದು ಮಾಡಿಟ್ಟ ಹಾಗಾಗುತ್ತದೆ.

ಇನ್ನೊಂದು ಮಾತು. ಲೋಡ್ ಸೆಲ್ ಅಳೆಯುವುದು ಭೂಮಿಯ ಎಳೆತವನ್ನು. ಜರ್ಮನಿಯಲ್ಲಿ ಹೊಂದಿಸಿದ ಸ್ಕೇಲ್ ನಮ್ಮೂರಲ್ಲಿ 500 ಗ್ರಾಂಗೆ ಒಂದೂವರೆ ಗ್ರಾಂನಷ್ಟು ಕಡಿಮೆ ತೋರಿಸಬಹುದು, ಭೂಮಧ್ಯ ರೇಖೆಗೆ ಹತ್ತಿರ ಬಂದಂತೆ ಎಳೆತ ಸ್ವಲ್ಪ ತಗ್ಗುತ್ತದೆ. ವಿದೇಶದಿಂದ ಮಗಳೋ ತಮ್ಮನೋ ತಂದುಕೊಟ್ಟ ಸ್ಕೇಲ್ ಇಷ್ಟು ತಪ್ಪಿದರೆ ಅದನ್ನು ಬೈಯಬೇಡಿ.

ಸ್ಕೇಲ್ ಸರಿ, ಕಾಫಿ ಸರಿಯಿಲ್ಲ

ಮೂರೂ ಪರೀಕ್ಷೆ ಪಾಸಾಗಿಯೂ ರುಚಿ ದಿನಕ್ಕೊಂದು ತರಹ ಆದರೆ, ತೂಗದೆ ಬಿಟ್ಟದ್ದು ಏನು ಅಂತ ನೋಡಿ. ಸಾಮಾನ್ಯವಾಗಿ ಅದು ನೀರು. ಪುಡಿಯನ್ನು ಪಾಯಿಂಟ್ ಲೆಕ್ಕದಲ್ಲಿ ತೂಗಿ, ನೀರನ್ನು ಅಳತೆ ಕಪ್ಪಿನಲ್ಲೋ ಕಣ್ಣಂದಾಜಿನಲ್ಲೋ ಹೊಯ್ಯುವವರು ಬಹಳ. ಕುದಿಯುವ ನೀರು ಹಿಗ್ಗಿರುತ್ತದೆ. ಕಪ್ಪಿನಲ್ಲಿ 250 ಮಿ.ಲೀ. ಗೆರೆಗೆ ಬಂದದ್ದು ಸ್ಕೇಲಿನಲ್ಲಿ ಸುಮಾರು 240 ಗ್ರಾಂ. ಕಪ್ಪೂ ಸರಿ, ಸ್ಕೇಲೂ ಸರಿ. ಒಂದು ದಿನ ತಣ್ಣೀರು ಅಳೆದು ಕುದಿಸಿ, ಇನ್ನೊಂದು ದಿನ ಕುದಿಸಿ ಅಳೆದರೆ ಕಾಫಿ ಬದಲಾಗದೆ ಇರುತ್ತದಾ? ನೀರನ್ನೂ ಗ್ರಾಂನಲ್ಲೇ ತೂಗಿ.

ಡಿಕಾಕ್ಷನ್ ಕಡಿಮೆ ಬಂತು, ಸ್ಕೇಲ್ ಸುಳ್ಳು ಹೇಳುತ್ತಿದೆ ಅನ್ನುವ ದೂರೂ ಇದೆ. ಪುಡಿ ತನ್ನ ತೂಕದ ಸುಮಾರು ಎರಡು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 40 ಗ್ರಾಂ ಪುಡಿಗೆ 240 ಗ್ರಾಂ ನೀರು ಹೊಯ್ದರೆ ಕೆಳಗೆ ಇಳಿಯುವುದು 160ರ ಆಸುಪಾಸು, ಹಬೆಗೆ ಹೋದದ್ದು ಬೇರೆ. ನಿಮಗೆ 110 ಬಂದಿದ್ದರೆ ಮೇಲಿನ ಪಾತ್ರೆ ತೂಗಿ ನೋಡಿ. ಉಳಿದ ನೀರು ಅಲ್ಲಿಯೇ ಸಿಗುತ್ತದೆ. ತೂತು ಕಟ್ಟಿಕೊಂಡಿದೆ, ಇಲ್ಲ ಪುಡಿ ತೀರಾ ನುಣ್ಣಗಿದೆ, ಇಲ್ಲ ಬಿಲ್ಲೆ ಅತಿಯಾಗಿ ಒತ್ತಿದ್ದೀರಿ.

ಪುಡಿಯೂ ಒಂದೇ ಇರುವುದಿಲ್ಲ. ಚಿಕೋರಿ ಪಾಲು 20ರಿಂದ 40ಕ್ಕೆ ಏರಿದರೆ ಅದೇ 40 ಗ್ರಾಂ ಬೇರೆಯೇ ಬಣ್ಣ, ಬೇರೆಯೇ ದಪ್ಪ ಕೊಡುತ್ತದೆ. ನಮ್ಮಲ್ಲಿ ಮಿಶ್ರ ಪುಡಿಯಲ್ಲಿ ಚಿಕೋರಿ 49 ಶೇಕಡಾದವರೆಗೂ ಇರಬಹುದು, ಪ್ಯಾಕೆಟ್ ಮೇಲೆ ಬರೆದಿರಬೇಕು. ಅಂಗಡಿ ಬದಲಿಸಿದಾಗ ಮೊದಲು ಅದನ್ನು ಓದಿ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಪುಡಿ ತೇವ ಹೀರಿ ಗಂಟು ಕಟ್ಟುತ್ತದೆ. ಆಗ ನೀವು ತೂಗುವ 40 ಗ್ರಾಂನಲ್ಲಿ ಒಂದಿಷ್ಟು ನೀರೇ. ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಹೊರಗಿನ ಡಬ್ಬಿಯಲ್ಲಿ ಇರಲಿ.

ಚಮಚದ ಲೆಕ್ಕಕ್ಕೆ ವಾಪಸ್ ಹೋಗುವುದು ಮಾತ್ರ ಬೇಡ. ಊದಿದ ಮಾನ್ಸೂನ್ ಬೀಜ, ಕಡು ಹುರಿದ ಬೀಜ ಎರಡೂ ಹಗುರ. ಅದೇ ಚಮಚದಲ್ಲಿ ಅವು ಕಡಿಮೆ ತೂಗುತ್ತವೆ.

ಬದಲಿಸುವ ಹೊತ್ತು

ಒಣಗಿಸಿ, ಸೆಲ್ ಬದಲಿಸಿ, ಕ್ಲೀನ್ ಮಾಡಿದ ಮೇಲೂ ಒಂದೇ ಲೋಟಕ್ಕೆ ಬೇರೆ ಬೇರೆ ತೂಕ ಬರುತ್ತಿದ್ದರೆ ಆ ಸ್ಕೇಲನ್ನು ಬಿಡಿ. ಸೆಲ್ ತೆಗೆದು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಹಸಿ ಕಸಕ್ಕೆ ಬೇಡ. ಹೊಸದು ತಗೊಳ್ಳುವಾಗ 0.1 ಗ್ರಾಂ ತೋರಿಸುವ, 2 ಕಿಲೋ ಮಿತಿಯದ್ದು ನೋಡಿ. ಆಫ್ ಆಗುವ ಸಮಯ ಬದಲಿಸಲು ಬರುತ್ತದಾ, ಸಾಮಾನ್ಯ ಸೆಲ್ ನಡೆಯುತ್ತದಾ, ತಟ್ಟೆ ನಿಮ್ಮ ಫಿಲ್ಟರಿನ ತಳಕ್ಕಿಂತ ಅಗಲ ಇದೆಯಾ ಅಂತ ಕೇಳಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಮಾರ್ಕರ್‌ನಲ್ಲಿ ತೂಕ ಬರೆದ ಆ ಲೋಹದ ತುಂಡನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ, ಮೂಲೆ ಪರೀಕ್ಷೆ ಅಲ್ಲೇ ಮಾಡಿ. ಆನ್‌ಲೈನ್ ಆದರೆ ಪೆಟ್ಟಿಗೆ ಬಂದ ದಿನವೇ ಮಾಡಿ, ವಾಪಸ್ ಕೊಡುವ ಗಡುವು ಮುಗಿಯುವ ಮೊದಲು.